ಅಕ್ಕ ಕಳಿಸಿದ ಸ್ಪ್ಯಾನಿಷ್

೯ ಜನವರಿ ೧೯೯೪

ಪ್ರೀತಿಯ ತಂಗೀ,

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಮ್ಮ ಬಟಾಣಿಯನ್ನು ಸ್ಪೇನಿಗೆ ಕರೆಸಿಕೊಳ್ಳುತ್ತೇನೆ, ಈ ವರ್ಷ ಮುಗಿಯುವುದರೊಳಗೆ! ಅವಳಪ್ಪ ತೀರಿಕೊಂಡ ಮೇಲೆ ನಾಲ್ಕು ವರ್ಷದ ಮಗಳನ್ನು ನಿನ್ನ ಮಡಿಲಿಗೆ ಹಾಕಿ ಬಂದವಳು ನಾನು. ಈಗ ಅವಳಿಗೆ ಹನ್ನೊಂದು. ನೀನು ಇಲ್ಲದಿದ್ದರೆ ಅವಳ ಗತಿ ಏನಾಗುತ್ತಿತ್ತೋ.

ಆದರೆ ಇಲ್ಲಿಗೆ ಬರಬೇಕಾದರೆ ಸ್ಪ್ಯಾನಿಷ್ ಬರಬೇಕು. ನಾನು ಬಂದ ಹೊಸತರಲ್ಲಿ ಪಟ್ಟ ಪಾಡು ಅವಳಿಗೆ ಬೇಡ. ನೀರು ಕೇಳಲು ಬಾಯಿ ಬಾರದೆ ನಲ್ಲಿಯ ಚಿತ್ರ ಬರೆದು ತೋರಿಸಿದವಳು ನಾನು. ಈ ವೃದ್ಧಾಶ್ರಮದಲ್ಲಿ ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿಸುವ ಒಬ್ಬ ಮುದುಕಿ ಇದ್ದಾಳೆ, ನಿವೃತ್ತ ಟೀಚರ್. ಬೆನ್ನು ಉಜ್ಜುವಷ್ಟು ಹೊತ್ತು ಒಂದೊಂದು ಕಥೆ ಹೇಳುತ್ತಾಳೆ, ಈ ಭಾಷೆಯ ಜನರ ಹಳೆಯ ಕಥೆಗಳು. ನಾನು ಕಲಿತದ್ದು ಹಾಗೆ. ಬಟಾಣಿಯೂ ಹಾಗೇ ಕಲಿಯಲಿ. ನಾನು ಬರೆದು ಕಳಿಸುತ್ತೇನೆ, ನೀನು ಓದಿ ಹೇಳು.

ಮೊದಲ ಕಥೆ ಕೆಂಪು ಬಣ್ಣದ್ದು. ಮೆಕ್ಸಿಕೊದಲ್ಲಿ ಪಾಪಾಸುಕಳ್ಳಿಯ ಮೇಲೆ ಒಂದು ಸಣ್ಣ ಹುಳ ಬೆಳೆಯುತ್ತದೆ. ಒಣಗಿಸಿ ಅರೆದರೆ ರಕ್ತದಂಥ ಕೆಂಪು. ಸ್ಪೇನಿನವರು ಅದನ್ನು ಹಡಗು ಹಡಗು ತುಂಬಿ ಒಯ್ದು ಮಾರಿದರು, ಆದರೆ ಅದು ಏನೆಂದು ಯಾರಿಗೂ ಬಾಯಿ ಬಿಡಲಿಲ್ಲ. ಕೊಂಡವರು ಬಹುಕಾಲ ಅದು ಕಾಳೋ ಹುಳವೋ ಎಂದು ಜಗಳವಾಡಿದರು. ಅದಕ್ಕೆ ಇಲ್ಲಿ ಗ್ರಾನಾ ಎನ್ನುತ್ತಾರೆ. 'ಲಾ ಗ್ರಾನಾ ಎಸ್ ರೋಹಾ', ಗ್ರಾನಾ ಕೆಂಪಗಿದೆ. 'ರೋ' ಅನ್ನುವಾಗ ನಾಲಿಗೆ ನಡುಗಬೇಕು ಎಂದು ಹೇಳು.

ಬಾಗಿಲಲ್ಲಿ ಬೇಕರಿಯವನು ಬ್ರೆಡ್ಡಿನ ಬುಟ್ಟಿ ಹಿಡಿದು ನಿಂತಿದ್ದಾನೆ, ಎಣಿಸಿ ಇಳಿಸಿಕೊಳ್ಳಬೇಕು. ಬರಲಾ?

ನಿನ್ನ ಅಕ್ಕ


೨ ಫೆಬ್ರವರಿ ೧೯೯೪

ಅಕ್ಕಾ,

ನಿನ್ನ ಕಾಗದ ಬಂದಾಗ ನಾನು ಹೋಟೆಲಿನ ಹಾಸಿಗೆ ಬಟ್ಟೆಗಳ ಬೆಟ್ಟದ ಹಿಂದೆ ಇದ್ದೆ. ನಮ್ಮ ಲಾಂಡ್ರಿ ಮಾಲೀಕರು "ಏನಮ್ಮಾ, ಅಕ್ಕ ಏನಂತೆ?" ಎಂದು ಕೇಳಿದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಾ ಇದಾಳೆ ಸಾರ್" ಎಂದೆ. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒಂದು ದಿಂಬಿನ ಕವರಿನ ಮೇಲೆ ಮರೆತು ಸುಟ್ಟೆ. ಅದನ್ನು ನನ್ನ ಸಂಬಳದಲ್ಲಿ ಹಿಡಿಯಲಿಲ್ಲ, ಪುಣ್ಯಾತ್ಮ.

ಒಂದು ವಿಷಯ ನಿನ್ನ ಕಾಗದದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕರೆಸಿಕೊಳ್ಳುವುದು ಬಟಾಣಿಯನ್ನು ಮಾತ್ರವೋ, ನಮ್ಮಿಬ್ಬರನ್ನೂ ಸೇರಿಸಿಯೋ? ನನಗೆ ಇಲ್ಲಿ ಬಿಟ್ಟು ಬರಬಾರದಂಥ ಆಸ್ತಿಯೇನೂ ಇಲ್ಲ. ಒಂದು ಕೋಣೆ, ಎರಡು ಕಿಟಕಿ, ಒಂದು ಸೀಮೆಎಣ್ಣೆ ಸ್ಟೋವು. ಅಲ್ಲಿಯೂ ಜನ ಬಟ್ಟೆ ಕೊಳೆ ಮಾಡಿಕೊಳ್ಳುತ್ತಾರಲ್ಲ?

ಕಥೆಯನ್ನು ಓದಿ ಹೇಳಿದೆ. ಹುಳ ಅರೆಯುತ್ತಾರೆ ಎಂದ ಕೂಡಲೇ "ಅಯ್ಯೋ ಪಾಪ" ಎಂದು ಮುಖ ಸಿಂಡರಿಸಿದಳು. ಅಷ್ಟೇ. ಪಾಠದಲ್ಲಿ ಮನಸ್ಸಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಈ ವರ್ಷದೊಳಗೆ ಕಲಿಯುತ್ತಾಳೆಂದು ನನಗಂತೂ ನಂಬಿಕೆಯಿಲ್ಲ, ಆತುರಪಟ್ಟು ಯಾವ ಅರ್ಜಿಯನ್ನೂ ಹಾಕಬೇಡ.

ತಂಗಿ


೨೮ ಫೆಬ್ರವರಿ ೧೯೯೪

ಪ್ರೀತಿಯ ತಂಗೀ,

ಕಲಿಯುತ್ತಾಳೆ ಬಿಡು, ನನ್ನ ಮಗಳಲ್ಲವೇ. ನಿಧಾನಕ್ಕೆ ಹೇಳಿಕೊಡು, ಗದರಬೇಡ. ನಿನ್ನ ಬಾಯಿ ನನಗೆ ಗೊತ್ತು.

ನೀನು ಕೇಳಿದ ವಿಷಯ ಮುಂದೆ ನೋಡೋಣ. ಒಂದೊಂದೇ ಮೆಟ್ಟಿಲು ಹತ್ತಬೇಕು.

ಟೀಚರಮ್ಮ ಈ ವಾರ ಹೇಳಿದ ಕಥೆ ಕೇಳು. ಸ್ಪೇನಿನ ಸಿಪಾಯಿಗಳು ಹೊಸ ನೆಲಕ್ಕೆ ಇಳಿದಾಗ, ಊರೊಂದರ ಮೇಲೆ ಬೀಳುವ ಮುಂಚೆ ಒಂದು ಕಾಗದವನ್ನು ಗಟ್ಟಿಯಾಗಿ ಓದಬೇಕು ಎಂದು ಅವರ ರಾಜನ ಕಟ್ಟಳೆಯಿತ್ತಂತೆ. ಈ ನೆಲ ಇನ್ನು ಮೇಲೆ ನಮ್ಮ ರಾಜನದು, ಒಪ್ಪಿಕೊಂಡರೆ ಸರಿ, ಒಪ್ಪದಿದ್ದರೆ ನಿಮ್ಮ ಹೆಂಡಿರು ಮಕ್ಕಳನ್ನು ಹಿಡಿದು ಮಾರುತ್ತೇವೆ, ಆ ತಪ್ಪೂ ನಿಮ್ಮದೇ, ಎಂದು ಅದರಲ್ಲಿ ಬರೆದಿತ್ತು. ಓದುತ್ತಿದ್ದದ್ದು ಸ್ಪ್ಯಾನಿಷಿನಲ್ಲಿ. ಕೇಳುವವರಿಗೆ ಒಂದಕ್ಷರ ತಿಳಿಯದು. ಕೆಲವು ಕಡೆ ಹಡಗಿನ ಮೇಲಿಂದಲೇ ಓದಿದರು, ಕೆಲವು ಕಡೆ ಜನ ಓಡಿಹೋದ ಖಾಲಿ ಗುಡಿಸಲುಗಳಿಗೆ ಓದಿದರು. ಓದಿಯಾಯಿತಲ್ಲ, ನಿಯಮ ಮುಗಿಯಿತು. 'ನಾದಿಯೆ ಎಂತಿಯೆಂದೆ ಎಲ್ ಪಾಪೆಲ್', ಆ ಕಾಗದ ಯಾರಿಗೂ ಅರ್ಥವಾಗುವುದಿಲ್ಲ. ಇದನ್ನು ಬಾಯಿಪಾಠ ಮಾಡಿಸು.

ಭಾಷೆ ಬಾರದವನ ಗತಿ ಏನು ಎಂದು ಅವಳಿಗೆ ತಿಳಿಯಲಿ ಎಂದೇ ಈ ಕಥೆ ಆರಿಸಿದೆ.

ನಿನ್ನ ಅಕ್ಕ


೨೦ ಮಾರ್ಚ್ ೧೯೯೪

ಅಕ್ಕಾ,

ಕಥೆ ಚೆನ್ನಾಗಿತ್ತು. ನೀನು ಹೊರಟ ದಿನ ನೆನಪಾಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಟಾಣಿಗೆ, "ಅಮ್ಮ ನಿನಗೋಸ್ಕರಾನೇ ಹೋಗ್ತಿರೋದು ಕಂದಾ, ಬೇಗ ಬರ್ತೀನಿ, ಅಳಬಾರ್ದು" ಎಂದು ಓದಿ ಹೇಳಿದೆಯಲ್ಲ. ನಾಲ್ಕು ವರ್ಷದವಳಿಗೆ ಏನು ತಿಳಿಯಬೇಕು? ಅವಳು ಕಂಡಕ್ಟರನ ಸೀಟಿಯನ್ನು ನೋಡುತ್ತಿದ್ದಳು. ಓದಿಯಾಯಿತು, ನಿಯಮ ಮುಗಿಯಿತು.

"ಮುಂದೆ ನೋಡೋಣ" ಎಂದು ಬರೆದಿದ್ದೀಯ. ನನ್ನ ಮೂಗಿಗೆ ತುಪ್ಪ ಸವರಬೇಡ. ಆಗುವುದಿಲ್ಲ ಎನ್ನುವುದಾದರೆ ಆಗುವುದಿಲ್ಲ ಎಂದು ಬರೆ. ಏಳು ವರ್ಷ ಅವಳ ಜ್ವರ, ಹೇನು, ಹಲ್ಲುನೋವು, ಶಾಲೆಯ ಜಗಳ ಎಲ್ಲ ಕಂಡವಳು ನಾನು. ಕಳೆದ ವರ್ಷ ನನ್ನನ್ನು ನೋಡಲು ಬಂದ ಗಂಡು, ಬಸ್ ಡಿಪೋದ ಗುಮಾಸ್ತ, "ಈ ಹುಡುಗೀನ ಎಲ್ಲಾದರೂ ಬಿಟ್ಟು ಬರೋಕಾಗುತ್ತಾ?" ಎಂದ. ನಾನು ಬಿಟ್ಟದ್ದು ಅವನನ್ನು. ಇದನ್ನು ನಿನಗೆ ಬರೆದಿರಲಿಲ್ಲ. ಈಗ ಬರೆದಿದ್ದೇನೆ.

ನಿನ್ನ ಮಗಳ ಪಾಠ ಅಷ್ಟಕ್ಕಷ್ಟೇ. ಮೊನ್ನೆ 'ನಾದಿಯೆ' ಎಂದರೆ ಏನೇ ಎಂದರೆ, "ನಾದಿನಿ" ಎಂದಳು.

ತಂಗಿ


೧೧ ಜೂನ್ ೧೯೯೪

ಪ್ರೀತಿಯ ತಂಗೀ,

ಬರೆಯುವುದು ತಡವಾಯಿತು, ಬೈದುಕೊಂಡಿರುತ್ತೀಯ. ಇಲ್ಲಿ ಕೆಲಸವೋ ಕೆಲಸ. ಇಬ್ಬರು ಮುದುಕರು ತೀರಿಕೊಂಡರು, ಒಬ್ಬ ಆಯಾ ಕೆಲಸ ಬಿಟ್ಟಳು. ಮೇಲೆ ಕೋಣೆಯನ್ನೂ ಬದಲಾಯಿಸಿದೆ. ಆಶ್ರಮದ ಒಳಗೇ ಇದ್ದು ಇದ್ದು ಉಸಿರು ಕಟ್ಟಿತ್ತು. ಹೊಸ ವಿಳಾಸವನ್ನು ಲಕೋಟೆಯ ಹಿಂದೆ ಬರೆದಿದ್ದೇನೆ, ಇನ್ನು ಅಲ್ಲಿಗೇ ಬರೆ. ಬೆಳಕು ಚೆನ್ನಾಗಿದೆ. ಬಟಾಣಿಗೆಂದು ಒಂದು ಸಣ್ಣ ಕೋಣೆಯೂ ಇದೆ, ಕಿಟಕಿಗೆ ಹಳದಿ ಪರದೆ ಹಾಕಿದ್ದೇನೆ.

ಈ ಸಲದ ಕಥೆ ಒಬ್ಬ ಹುಡುಗಿಯದು, ಬಟಾಣಿಗೆ ಹಿಡಿಸುತ್ತದೆ. ಮೆಕ್ಸಿಕೊದ ಒಬ್ಬ ಗುಲಾಮ ಹುಡುಗಿ. ಅವಳಿಗೆ ತನ್ನ ನುಡಿಯೂ ಬರುತ್ತಿತ್ತು, ಪಕ್ಕದ ನಾಡಿನ ನುಡಿಯೂ ಬರುತ್ತಿತ್ತು. ಸ್ಪೇನಿನ ದಂಡು ಬಂದಾಗ ಅವಳನ್ನು ಅವರಿಗೆ ಒಪ್ಪಿಸಿಬಿಟ್ಟರು. ಅವಳು ಬೇಗನೆ ಅವರ ಮಾತನ್ನೂ ಕಲಿತಳು. 'ಎಯ್ಯಾ ಆಬ್ಲಾ ತ್ರೆಸ್ ಲೆಂಗ್ವಾಸ್', ಅವಳು ಮೂರು ಭಾಷೆ ಆಡುತ್ತಾಳೆ. ದಂಡನಾಯಕನ ಪಕ್ಕದಲ್ಲೇ ನಿಂತು, ಚಕ್ರವರ್ತಿಯ ಮಾತನ್ನು ಇವನಿಗೆ, ಇವನ ಮಾತನ್ನು ಚಕ್ರವರ್ತಿಗೆ ದಾಟಿಸಿದಳು. ನೋಡು, ಗುಲಾಮಳಾಗಿದ್ದವಳು ಮಾತಿನ ಬಲದಿಂದಲೇ ಎಲ್ಲಿಗೆ ಏರಿದಳು! ಬಟಾಣಿಗೆ ಇದನ್ನು ಚೆನ್ನಾಗಿ ಹೇಳು.

ಬೇಕರಿಯವನು ನಿನ್ನ ಪತ್ರಗಳ ಅಂಚೆಚೀಟಿ ನೋಡಿ ಖುಷಿಪಡುತ್ತಾನೆ, ಒಳ್ಳೆಯ ಮನುಷ್ಯ.

ನಿನ್ನ ಅಕ್ಕ


೫ ಜುಲೈ ೧೯೯೪

ಅಕ್ಕಾ,

ನಿನ್ನ ಮಗಳು ಒಂದು ಪ್ರಶ್ನೆ ಕೇಳಿದಳು. "ಚಿಕ್ಕಮ್ಮಾ, ಆ ಹುಡುಗಿ ಗುಲಾಮಳು ಹೇಗಾದಳು? ಹುಟ್ಟಿದಾಗಲೇ ಆಗಿದ್ದಳಾ?" ನನಗೇನು ಗೊತ್ತು. ನಿನ್ನ ಕಾಗದದಲ್ಲಿ ಇರಲಿಲ್ಲ. ಭಾನುವಾರ ಇಬ್ಬರೂ ಲೈಬ್ರರಿಗೆ ಹೋದೆವು. ಲೈಬ್ರರಿಯನ್ ದಪ್ಪ ಕನ್ನಡಕದ ಹೆಂಗಸು, ಅರ್ಧ ಗಂಟೆ ಹುಡುಕಿ ಒಂದು ಚರಿತ್ರೆ ಪುಸ್ತಕ ತೆಗೆದುಕೊಟ್ಟಳು. ಆ ದಂಡಿನಲ್ಲೇ ಇದ್ದ ಒಬ್ಬ ಸಿಪಾಯಿ ಮುಪ್ಪಿನಲ್ಲಿ ಬರೆದಿಟ್ಟದ್ದಂತೆ.

ಆ ಹುಡುಗಿ ಹುಟ್ಟಿನಿಂದ ಗುಲಾಮಳಲ್ಲ, ದೊಡ್ಡ ಮನೆತನದವಳು. ಅಪ್ಪ ಸತ್ತ. ಅಮ್ಮ ಇನ್ನೊಬ್ಬನನ್ನು ಮದುವೆಯಾದಳು. ಹೊಸ ಗಂಡನಿಂದ ಗಂಡು ಮಗು ಹುಟ್ಟಿತು. ಆಗ ಈ ಹುಡುಗಿ ಅಡ್ಡವಾದಳು. ಕತ್ತಲಲ್ಲಿ ಯಾರಿಗೋ ಕೊಟ್ಟು, ಮಗಳು ಸತ್ತಳು ಎಂದು ಊರಿಗೆಲ್ಲ ಸುದ್ದಿ ಹಬ್ಬಿಸಿದರು. ಎಷ್ಟೋ ವರ್ಷದ ಮೇಲೆ ದುಭಾಷಿಯಾಗಿ ಅದೇ ಊರಿಗೆ ಬಂದಾಗ ಹೆತ್ತವಳು ಗಡಗಡ ನಡುಗಿ ಅತ್ತಳು. ಮಗಳು ಕ್ಷಮಿಸಿ, ಒಡವೆ ಬಟ್ಟೆ ಕೊಟ್ಟು ಕಳಿಸಿದಳಂತೆ. ಸಿಪಾಯಿ ಹಾಗೆ ಬರೆದಿದ್ದಾನೆ. ಬಟಾಣಿ ಮಾತ್ರ, "ನಾನಾಗಿದ್ರೆ ಕೊಡ್ತಿರಲಿಲ್ಲ" ಎಂದಳು.

ನಿನ್ನ ಟೀಚರಮ್ಮ ಇಷ್ಟನ್ನೂ ಹೇಳದೆ ಇದ್ದಿರಲಾರಳು. ಕಥೆಯ ತಲೆಯನ್ನು ಕತ್ತರಿಸಿದ್ದು ನೀನು. ಯಾಕೆ ಕತ್ತರಿಸಿದೆ ಎಂದು ನಾನು ದಿನವಿಡೀ ಇಸ್ತ್ರಿ ಮಾಡುತ್ತಾ ಯೋಚಿಸಿದೆ. ಆಮೇಲೆ ನಿನ್ನ ಲಕೋಟೆಯ ಹಿಂಭಾಗ ಓದಿದೆ. 'ಪನದೆರಿಯಾ' ಎಂದರೆ ಬೇಕರಿ ಎಂದು ನನಗೂ ಗೊತ್ತು. ಹೋಟೆಲಿನಲ್ಲಿ ಯಾವನೋ ಬಿಟ್ಟುಹೋದ ಸ್ಪ್ಯಾನಿಷ್ ನಿಘಂಟನ್ನು ಮಾಲೀಕರು ನಮಗೆ ಕೊಟ್ಟಿದ್ದಾರೆ.

ಕುಂಬಳಕಾಯಿ ಕಳ್ಳ ಎಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲಕ್ಕಾ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ಮದುವೆಯಾಗಿದ್ದೀಯಾ?

ತಂಗಿ


೩೦ ಆಗಸ್ಟ್ ೧೯೯೪

ತಂಗೀ,

ಆಗಿದ್ದೇನೆ. ಏಪ್ರಿಲಿನಲ್ಲಿ. ಒಂದು ಕಚೇರಿಯಲ್ಲಿ ಸಹಿ ಹಾಕಿದೆವು, ಟೀಚರಮ್ಮ ಗಾಲಿಕುರ್ಚಿಯಲ್ಲಿ ಬಂದು ಸಾಕ್ಷಿ ಹಾಕಿದಳು. ನಿನಗೆ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದುಹಾಕಿದೆ. ಮೂವತ್ತೇಳು ವರ್ಷದವಳಿಗೆ ಮದುವೆಯ ಆಸೆಯೇ ಎಂದು ನೀನು ನಗುತ್ತೀಯ ಎನಿಸಿತು. ನೀನಿನ್ನೂ ಒಂಟಿಯಾಗಿರುವಾಗ ಹೇಗೆ ಹೇಳಲಿ ಎಂದೂ ಎನಿಸಿತು. ಎರಡೂ ನಿಜ.

ಅವನು ಬೇಕರಿಯವನೇ. ಕೈಯೆಲ್ಲ ಸುಟ್ಟ ಗಾಯ, ಬಾಯಲ್ಲಿ ಕೆಟ್ಟ ಮಾತಿಲ್ಲ. ಬಟಾಣಿಯನ್ನು ಕರೆಸೋಣ ಎಂದು ಮೊದಲು ಹೇಳಿದ್ದೇ ಅವನು. ಇನ್ನೇನು ಬೇಕು ಹೇಳು? ಏಳು ವರ್ಷ ಪರರ ಮೈ ತೊಳೆದೆ. ನನ್ನ ಮಗಳ ತಲೆ ಬಾಚುವ ಭಾಗ್ಯ ಈಗಲಾದರೂ ಬೇಡವೇ?

ನಿನ್ನನ್ನು ಕರೆಸಲು ಆಗುವುದಿಲ್ಲ. ಆಗುವುದಿಲ್ಲ ಎಂದು ಬರೆ ಎಂದಿದ್ದೆ, ಬರೆದಿದ್ದೇನೆ. ಯಾಕೆ ಎಂದು ಕೇಳಬೇಡ.

ಈ ಸಲ ಕಥೆಯಿಲ್ಲ, ಸಮಯವಿಲ್ಲ. ಕುಟುಂಬದ ಪಾಠವೊಂದನ್ನು ಸಂಭಾಷಣೆಯ ಹಾಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗಿಳಿಯ ಹಾಗೆ ಒಪ್ಪಿಸಿದರೆ ಸಾಕು. ಪ್ರತಿ ಮಾತನ್ನೂ ಹೀಗೇ ಹೇಳಬೇಕು, ಒಂದೂ ತಪ್ಪಬಾರದು.

ಅಕ್ಕ


೨೨ ಸೆಪ್ಟೆಂಬರ್ ೧೯೯೪

ಅಕ್ಕನಿಗೆ,

ಮದುವೆಯಾದದ್ದಕ್ಕೆ ನಾನು ನಗುವುದಿಲ್ಲ. ನೀನು ಸುಖವಾಗಿರು, ಮನಸಾರೆ ಹೇಳುತ್ತಿದ್ದೇನೆ. ನಗುವಂಥದ್ದು ಬೇರೆ ಹಾಳೆಯಲ್ಲಿತ್ತು.

'ಮಿ ಮಾದ್ರೆ ತ್ರಬಾಹಾ ಎನ್ ಉನಾ ಲವಾಂದೆರಿಯಾ.' ನನ್ನ ತಾಯಿ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. 'ವೊಯ್ ಆ ವಿವೀರ್ ಕೊನ್ ಮಿ ತಿಯಾ.' ನಾನು ತಾಯಿಯ ಅಕ್ಕನ ಜೊತೆ ಇರಲು ಹೋಗುತ್ತೇನೆ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಲಾಂಡ್ರಿಯಲ್ಲಿ ಇರುವವಳು ನಾನು. ಹಾಗಾದರೆ ನಿನ್ನ ಗಂಡನ ಮನೆಯಲ್ಲಿ ಬಟಾಣಿಯ ತಾಯಿ ನಾನು, ನೀನು ದೊಡ್ಡಮ್ಮ!

ಭೇಷ್. ಏಳು ವರ್ಷ ಸಾಕಿದೆ, ಒಂದು ದಿನವೂ ಅವಳ ಬಾಯಲ್ಲಿ ಅಮ್ಮ ಎನಿಸಿಕೊಳ್ಳಲಿಲ್ಲ. ಹೆತ್ತವಳು ಬೇರೆ ಇದ್ದಾಳೆ, ನೆನಪಿರಲಿ ಎಂದು ನಾನೇ ತಿದ್ದುತ್ತಿದ್ದೆ. ನಿನ್ನ ಫೋಟೋ ತೋರಿಸಿ "ಇವಳು ಅಮ್ಮ, ನಾನು ಚಿಕ್ಕಮ್ಮ" ಎಂದು ಹೇಳಿಕೊಟ್ಟವಳು ನಾನೇ. ಈಗ ನೀನು ಅವಳನ್ನು ಕಿತ್ತುಕೊಂಡು ಹೋಗುವ ಹೊತ್ತಿಗೆ ನನಗೆ ತಾಯಿಯ ಪಟ್ಟ ಕಟ್ಟುತ್ತಿದ್ದೀಯ. ಮಗು ನಿನಗೆ, ಹೆಸರು ನನಗೆ. ಎಂಥ ನ್ಯಾಯವಂತೆ ನೀನು!

ನನ್ನನ್ನು ಕರೆಸಲು ಯಾಕೆ ಆಗುವುದಿಲ್ಲ ಎಂಬುದೂ ತಿಳಿಯಿತು. ತಾಯಿಯೇ ಜೊತೆಗೆ ಬಂದರೆ ದೊಡ್ಡಮ್ಮನಿಗೆ ಅಲ್ಲಿ ಏನು ಕೆಲಸ?

ಅವನಿಗೆ ಯಾಕೆ ಸುಳ್ಳು ಹೇಳಿದೆ?

ತಂಗಿ


೧೪ ಅಕ್ಟೋಬರ್ ೧೯೯೪

ತಂಗೀ,

ಬೈದದ್ದು ಸಾಕು, ಕೇಳು. ಸುಳ್ಳು ಅವನಿಗೆಂದು ಹುಟ್ಟಿದ್ದಲ್ಲ. ಆಶ್ರಮದಲ್ಲಿ ಕೆಲಸಕ್ಕೆ ಸೇರುವಾಗ ಮೇಟ್ರನ್ ಕೇಳಿದ್ದು ಒಂದೇ ಪ್ರಶ್ನೆ, ಮಕ್ಕಳಿದ್ದಾರಾ? ಒಳಗೇ ಇದ್ದು ಮಾಡುವ ಕೆಲಸಕ್ಕೆ ಮಕ್ಕಳಿರುವವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಇಲ್ಲ ಎಂದೆ. ಆಮೇಲೆ ಮಂಚದ ಪಕ್ಕ ಬಟಾಣಿಯ ಫೋಟೋ ನೋಡಿ ಯಾರಿದು ಎಂದರು. ತಂಗಿಯ ಮಗಳು ಎಂದೆ. ಏಳು ವರ್ಷ ದಿನಾ ಅದನ್ನೇ ಹೇಳಿದೆ. ಅವನು ಕೇಳಿದಾಗಲೂ ನಾಲಿಗೆಗೆ ಅದೇ ಬಂತು. ಈಗ ಬಾಯಿಬಿಟ್ಟರೆ, ಹೆತ್ತ ಮಗಳನ್ನೇ ಇಲ್ಲ ಎಂದವಳು ನಾಳೆ ನನ್ನನ್ನು ಇಲ್ಲ ಎನ್ನುವುದಿಲ್ಲವೇ ಎಂದು ಅವನು ಕೇಳುತ್ತಾನೆ. ನಾನೇನು ಹೇಳಲಿ?

ಒಂದು ಮಾತು ತಾನೇ? ದೊಡ್ಡಮ್ಮ ಎಂದರೂ ಊಟ ಹಾಕುವವಳು ನಾನು, ಹೊದಿಸುವವಳು ನಾನು. ಒಂದಲ್ಲ ಒಂದು ದಿನ ಅವನಿಗೆ ನಾನೇ ಹೇಳುತ್ತೇನೆ. ಜನನಪತ್ರದಲ್ಲಿ ನನ್ನ ಹೆಸರೇ ಇದೆ, ಕಚೇರಿಯವರಿಗೆ ಅದು ಸಾಕು. ಅವನಿಗೆ ನಮ್ಮ ಲಿಪಿ ಓದಲು ಬಾರದು, ತೋರಿಸಿದ ಕಡೆ ಸಹಿ ಹಾಕುತ್ತಾನೆ.

ಒಂದೇ ಹಟ ಅವನದು. ಸಹಿ ಹಾಕುವ ಮುಂಚೆ ಹುಡುಗಿಯ ತಾಯಿಯ ಒಪ್ಪಿಗೆ ತನ್ನ ಕಿವಿಯಾರೆ ಕೇಳಬೇಕಂತೆ, ಹುಡುಗಿಯ ಜೊತೆಯೂ ಎರಡು ಮಾತಾಡಬೇಕಂತೆ. ನವೆಂಬರ್ ಕೊನೆಯ ಭಾನುವಾರ ಮಧ್ಯಾಹ್ನ ನಿಮ್ಮ ಲಾಂಡ್ರಿಯ ಫೋನಿಗೆ ಮಾಡುತ್ತೇವೆ. ನೀನು 'ಸೀ' ಎನ್ನು, ಹೌದು ಎಂದರ್ಥ, ಅಷ್ಟು ಸಾಕು. ಬಟಾಣಿ ಆ ಹಾಳೆಯಲ್ಲಿದ್ದದ್ದನ್ನು ಒಪ್ಪಿಸಲಿ. ಅದಕ್ಕಿಂತ ಹೆಚ್ಚು ಅವಳಿಗೆ ಬರುವುದಿಲ್ಲ ಎಂದು ನೀನೇ ಬರೆದಿದ್ದೀಯಲ್ಲ, ಅದೇ ಒಳ್ಳೆಯದಾಯಿತು.

ಕಾಲಿಗೆ ಬೀಳುತ್ತೇನೆ. ನನ್ನ ಮಗಳನ್ನು ನನಗೆ ಕೊಡು.

ಅಕ್ಕ


೬ ನವೆಂಬರ್ ೧೯೯೪

ಅಕ್ಕನಿಗೆ,

ಆಗಲಿ. ಸೀ ಎನ್ನುತ್ತೇನೆ. ಹೆತ್ತವಳು ಕೇಳುವಾಗ ಇಲ್ಲ ಎನ್ನಲು ನಾನು ಯಾರು?

ಮಾಲೀಕರು ಭಾನುವಾರ ಅಂಗಡಿಯ ಬೀಗದ ಕೈ ಕೊಡಲು ಒಪ್ಪಿದ್ದಾರೆ. ಬಟಾಣಿಗೆ ಹಾಳೆ ಕೊಟ್ಟೆ. ಓದಿದಳು. "ಯಾಕೆ ಚಿಕ್ಕಮ್ಮಾ ಹೀಗೆ ಬರೆದಿದಾಳೆ?" ಎಂದಳು. ನಿನ್ನ ಈ ಸಲದ ಕಾಗದವನ್ನೇ ಕೈಗೆ ಕೊಟ್ಟೆ. ನಾನು ನನ್ನ ಮಾತಿನಲ್ಲಿ ಹೇಳಿದರೆ ವಿಷ ಬೆರೆಸಿದೆ ಎನ್ನುತ್ತೀಯ. ಎರಡು ಸಲ ಓದಿ ಮಡಚಿಟ್ಟಳು.

ತಂಗಿ


೫ ಡಿಸೆಂಬರ್ ೧೯೯೪

ನೀನು ತಂಗಿಯಲ್ಲ, ಶತ್ರು. ಏಳು ವರ್ಷ ಕಾದು ಕತ್ತು ಕೊಯ್ದೆ.

ನೀನು ಸೀ ಎಂದೆ. ಅವನ ಮುಖ ಅರಳಿತು. ರಿಸೀವರನ್ನು ಇಬ್ಬರ ಕಿವಿಗಳ ನಡುವೆ ಹಿಡಿದಿದ್ದ. ಆಮೇಲೆ ಬಟಾಣಿ ಬಂದಳು. ಏಳು ವರ್ಷದ ಮೇಲೆ ಅವಳ ದನಿ! ಅವಳ ದನಿ ನನ್ನ ದನಿಯ ಹಾಗೇ ಇದೆ ಕಣೇ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ.

ಅವನು ಕೇಳಿದ, ನಮ್ಮ ಮನೆಗೆ ಬರಲು ನಿನಗೆ ಇಷ್ಟವೇ ಮಗೂ? ಅವಳು ಹಾಳೆಯಲ್ಲಿ ಇದ್ದದ್ದನ್ನು ಹೇಳಲಿಲ್ಲ. 'ನೊ, ಸೆನ್ಯೋರ್' ಎಂದಳು. 'ಮಿ ಮಾದ್ರೆ ಎಸ್ತಾ ಆಕಿ. ನೊ ದೆಹೊ ಆ ಮಿ ಮಾದ್ರೆ.' ನನ್ನ ತಾಯಿ ಇಲ್ಲಿದ್ದಾಳೆ, ನನ್ನ ತಾಯಿಯನ್ನು ಬಿಡುವುದಿಲ್ಲ. ಆಮೇಲೆ ಆ ಕಥೆ. ಮೆಕ್ಸಿಕೊದಲ್ಲಿ ಒಬ್ಬಳು ಇದ್ದಳಂತೆ, ಅವಳಮ್ಮ ಅವಳನ್ನು ಕೊಟ್ಟುಬಿಟ್ಟಳಂತೆ, ನನ್ನ ತಾಯಿ ಕೊಡುವವಳಲ್ಲ, ಈಗ ಸೀ ಎಂದದ್ದು ದೊಡ್ಡಮ್ಮ ಅಳುತ್ತಾಳೆಂದು. ತಡವರಿಸಲಿಲ್ಲ, ಎಲ್ಲೂ ನಿಲ್ಲಲಿಲ್ಲ. 'ರ' ಕೂಡ ನಡುಗಿಸಿದಳು. ಗೋರ್ಕಲ್ಲು ಎಂದೆಯಲ್ಲ! ಇಷ್ಟು ಕಲಿಸಿಟ್ಟು ನನ್ನಿಂದ ಮುಚ್ಚಿಟ್ಟೆ.

ಅವನು ಅತ್ತ. ಒಂಬತ್ತು ವರ್ಷಕ್ಕೆ ಅವನನ್ನು ತಾಯಿಯಿಂದ ಬಿಡಿಸಿ, ಸೋದರಮಾವನ ಒಲೆಯ ಮುಂದೆ ಕೆಲಸಕ್ಕೆ ನಿಲ್ಲಿಸಿದ್ದರಂತೆ. ನನಗೆ ಇದುವರೆಗೂ ಹೇಳಿರಲಿಲ್ಲ. ನನ್ನ ಕಡೆ ತಿರುಗಿ, "ತಾಯಿಯಿಂದ ಮಗುವನ್ನು ಕೀಳಲು ಹೊರಟಿದ್ದೆವಲ್ಲ, ನಮಗೆ ಬುದ್ಧಿ ಬೇಡವೇ" ಎಂದ. ಅರ್ಜಿಯನ್ನು ನನ್ನ ಎದುರಿಗೇ ಹರಿದ. ಆ ಸಣ್ಣ ಕೋಣೆಯಲ್ಲಿ ಈಗ ಹಿಟ್ಟಿನ ಮೂಟೆಗಳಿವೆ.

ಆಗಲೇ ಹೇಳಬಹುದಿತ್ತು, ನಾನೇ ತಾಯಿ ಎಂದು. ಬಾಯಿ ತೆರೆದೆ. ಅವನು ನನ್ನ ತಲೆ ನೇವರಿಸಿ, "ತಂಗಿಯ ಮಗಳ ಮೇಲೆ ನಿನಗೆ ಎಷ್ಟು ಪ್ರೀತಿ" ಎಂದ. ಬಾಯಿ ಮುಚ್ಚಿಕೊಂಡೆ.

ನೀನೇ ಹೇಳಿಕೊಟ್ಟೆ. ಒಪ್ಪಿಕೋ. ಗೆದ್ದೆಯಲ್ಲ, ಈಗ ಹಾಡಿ ಕುಣಿ.


೨೮ ಡಿಸೆಂಬರ್ ೧೯೯೪

ಅಕ್ಕಾ,

ಅವಳಿಗೆ ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ ಎಂಬುದನ್ನು ಮುಚ್ಚಿಟ್ಟದ್ದು ನಿಜ. ಮೊದಲ ಕಥೆಯಿಂದಲೇ ಅವಳಿಗೆ ಅದರ ಹುಚ್ಚು ಹಿಡಿದಿತ್ತು. ಶಾಲೆಯಿಂದ ಬಂದವಳೇ ನನ್ನ ಇಸ್ತ್ರಿ ಮೇಜಿನ ಪಕ್ಕ ಕೂತು, ನಿಘಂಟು ತೊಡೆಯ ಮೇಲಿಟ್ಟುಕೊಂಡು, ನಿನ್ನ ಪ್ರತಿ ಕಥೆಯನ್ನೂ ತಾನೇ ಆ ಭಾಷೆಯಲ್ಲಿ ಕಟ್ಟಿ ಹೇಳುತ್ತಿದ್ದಳು. ಮಾಲೀಕರು "ನಿಲ್ಲಿಸೇ ತಾಯಿ, ತಲೆ ಚಿಟ್ಟು ಹಿಡೀತು" ಎಂದರೂ ಬಿಡುತ್ತಿರಲಿಲ್ಲ. ಕಲಿತಳು ಎಂದು ಬರೆದರೆ ಮರುವಾರವೇ ಕರೆಸಿಕೊಳ್ಳುತ್ತೀಯ ಎಂದು ನಾನು ಹೆದರಿದೆ. ಬೈಯುವುದಾದರೆ ಅದಕ್ಕೆ ಬೈ.

ಆದರೆ ಆ ಮಾತು ನಾನು ಹೇಳಿಕೊಟ್ಟದ್ದಲ್ಲ. ಲಾಂಡ್ರಿಯ ತಾಯಿ ಎಂದು ಬರೆದು ಕಳಿಸಿದ್ದು ನೀನು. ನೀನು ಕೊಟ್ಟ ತಾಯಿಯನ್ನೇ ಅವಳು ಹಿಡಿದುಕೊಂಡಳು. ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು, ಪಕ್ಕದಲ್ಲೇ ನಿಂತಿದ್ದೆನಲ್ಲ. ಸುಳ್ಳು ಹೇಳುವುದಿಲ್ಲ ಅಕ್ಕಾ, ಮಿ ಮಾದ್ರೆ ಎಂದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳು ವರ್ಷ ಬಾಯಿಬಿಟ್ಟು ಕೇಳದೆ ಇದ್ದದ್ದು ಅದು. ಹೌದು, ಗೆದ್ದೆ ಎಂದೇ ಅಂದುಕೊಂಡೆ. ನೀನು ಅಲ್ಲಿ ಅಳುತ್ತಿರುತ್ತೀಯ ಎಂದು ಗೊತ್ತಿತ್ತು, ಗೊತ್ತಿದ್ದೂ ಖುಷಿಪಟ್ಟೆ.

ಅವಳು ಫೋನ್ ಇಟ್ಟಳು. ನಾನು ಅವಳನ್ನು ಬಾಚಿ ತಬ್ಬಿಕೊಂಡೆ. "ಬಾರೇ ನನ್ನ ಕಂದಾ, ಇನ್ಮೇಲೆ ಅಮ್ಮಾ ಅಂತಲೇ ಕರಿ, ಯಾರದೂ ಹೆದರಿಕೆ ಬೇಡ" ಎಂದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಅಳಲಿಲ್ಲ. ಒಗೆದ ಬಟ್ಟೆಗೆ ಚೀಟಿ ಅಂಟಿಸುವಾಗ ಮಾತಾಡುವಷ್ಟೇ ಸಾಧಾರಣವಾಗಿ ಹೇಳಿದಳು.

"ಅದು ಸ್ಪ್ಯಾನಿಷ್‌ನಲ್ಲಿ ಹೇಳಿದ್ದು ಚಿಕ್ಕಮ್ಮಾ. ಅವರಿಗೆ ಬೇರೆ ಏನು ಹೇಳಿದ್ರೂ ಬಿಡ್ತಿರಲಿಲ್ಲ. ಕನ್ನಡದಲ್ಲಿ ನನಗೆ ಅಮ್ಮ ಇಲ್ಲ."

ತಂಗಿ